ಮೀನುಗಣ್ಣು ಬಿದ್ದ ಬೋರ್ಡುಗಳು

ಯಾದಗಿರಿ
೩ ಮಾರ್ಚ್ ೨೦೨೫

ಮಲ್ಲಿ,

ಫೋನಿನಲ್ಲಿ ನನ್ನ ನಂಬರನ್ನು ಬಂದ್ ಮಾಡಿ ಕೂತಿದ್ದೀಯ. ಕೂತಿರು. ಪೋಸ್ಟ್‌ಮ್ಯಾನನನ್ನು ಬಂದ್ ಮಾಡುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಶಹಾಪುರದಲ್ಲಿ ನಿನ್ನ ಸೋದರಮಾವ ಅಂಬ್ರಪ್ಪನವರ ಮೋಟರ್ ರಿವೈಂಡಿಂಗ್ ಅಂಗಡಿ ಯಾರಿಗೆ ಗೊತ್ತಿಲ್ಲ ಹೇಳು? ಕಾಗದ ಹಿಡಿದರೆ ನನ್ನ ಕೈಗೆ ಸುರಪುರದ ಸಾಲಿಯಲ್ಲಿ ಕಲಿಸಿದ ಪುಸ್ತಕದ ಕನ್ನಡವೇ ಬರುತ್ತದೆ. ನಗಬೇಡ.

ವಿಷಯ ಹೇಳಿಬಿಡುತ್ತೇನೆ. ಮೀನುಗಣ್ಣು ಮತ್ತೆ ಬಂದಿದೆ.

ನೀನು ಹೋದ ಮೇಲೆ ಆರು ತಿಂಗಳು ಒಂದೂ ಕಾಣಲಿಲ್ಲ. ಜನವರಿಯಲ್ಲಿ ನಿನ್ನ ಸ್ಟೂಲಿಗೆ ಬಳಿಚಕ್ರದ ಗೊಲ್ಲಾಳಮ್ಮ ಎಂಬ ಹುಡುಗಿ ಬಂದಳು. ಮೊದಲ ದಿನ ನೀನು ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದೆ. "ಇದು ಪಂಪ್ ಸ್ಟಾರ್ಟರಿನ ಬೋರ್ಡ್ ನೋಡವಾ. ಹೊಲದಾಗ ತೇವ, ಧೂಳ ತಾಕಬಾರದಂತ ಇದರ ಮ್ಯಾಲ ತೆಳ್ಳಗ ವಾರ್ನಿಶ್ ಹೊಡಿತೀವಿ, ಅದಕ್ಕ ಕೋಟಿಂಗ್ ಅಂತಾರ. ವೈರ್ ಸಿಗಸೋ ಕನೆಕ್ಟರಿಗೆ ಮಾತ್ರ ಅದು ಹತ್ತಬಾರದು. ಅದಕ್ಕ ಹೊಡಿಯೂಕಿಂತ ಮೊದಲ ಈ ರಬ್ಬರ್ ಟೋಪಿ ಹಾಕಬೇಕು, ಆಮ್ಯಾಲ ತೆಗೀಬೇಕು." ಹುಡುಗಿ ಚುರುಕಾಗಿದ್ದಾಳೆ. ಬಿಗಿ ಟೋಪಿ ಎಳೆದೆಳೆದು ಬೆರಳಿನ ತುದಿಗಳು ನಿನ್ನವುಗಳ ಹಾಗೆಯೇ ಸುಲಿದಿವೆ, ಪಾಪ.

ಈಗ ಬೋರ್ಡುಗಳನ್ನು ನೀಲಿ ದೀಪದ ಪೆಟ್ಟಿಗೆಯಲ್ಲಿ ಇಟ್ಟರೆ ಎಲ್ಲೆಡೆ ಹೊಳೆಯಬೇಕಾದ ಕೋಟಿಂಗಿನಲ್ಲಿ ಮತ್ತೆ ಅದೇ ಕಪ್ಪು ಗುಂಡನೆಯ ಬೊಕ್ಕೆಗಳು. ಅಲ್ಲಿ ವಾರ್ನಿಶ್ ನಿಲ್ಲದೆ ಹಿಂದೆ ಸರಿದಿರುತ್ತದೆ. ನಿನ್ನ ಕಾಲದಲ್ಲಿ ಬರುತ್ತಿದ್ದವಲ್ಲ, ಅದೇ ಕಣ್ಣು, ಅದೇ ಗಾತ್ರ.

ಆಗ ನಮ್ಮ ಸೂಪರ್‌ವೈಸರ್ ಮನ್ಸೂರಅಲಿ ಸಾಹೇಬರು ನಿನ್ನ ತಲೆಯ ಕುಸುಬಿ ಎಣ್ಣೆ ಮೂಸಿ ನೋಡಿ, "ಎಣ್ಣಿ ಕೈ, ಮತ್ತೇನಿಲ್ಲ" ಎಂದು ಕಾಗದ ಬರೆದರು. ನೀನು ತಲೆ ಮುಟ್ಟಿದ ಕೈಯಿಂದಲೇ ಬೋರ್ಡು ಮುಟ್ಟಿದ್ದನ್ನು ನೋಡಿದ್ದೇನೆ ಎಂದು ನಾನು ಅದಕ್ಕೆ ಸಹಿ ಹಾಕಿದೆ, ನಿನ್ನ ಕೆಲಸ ಹೋಯಿತು. ಒಂದು ಸಲ ನೋಡಿದ್ದು ನಿಜ. ಆದರೆ ನೀನು ಇಲ್ಲದಾಗಲೂ ಕಣ್ಣು ಬಿದ್ದರೆ ಆ ಸಹಿ ಸುಳ್ಳು ಎಂದಾಯಿತಲ್ಲ?

ನನಗೆ ಎರಡು ಬೇಕು. ಈ ಕಣ್ಣಿಗೆ ಕಾರಣ ಏನು ಎಂದು ತಿಳಿಯಬೇಕು. ಆಮೇಲೆ ನಿನ್ನ ಹೆಸರು ಎಲ್ಲಿ ಕೆಟ್ಟಿತೋ ಅಲ್ಲೇ ತೊಳೆಯಬೇಕು. ಕೋಟಿಂಗಿನ ದೋಷ ಹಿಡಿಯುವುದರಲ್ಲಿ ನಿನ್ನಷ್ಟು ತಲೆ ಇಲ್ಲಿ ಯಾರಿಗೂ ಇಲ್ಲ. ಬೈದಾದರೂ ಬರಿ.

ನಿನ್ನ
ಉಮೆಸಲ್ಮಾ


ಶಹಾಪುರ
೧೨ ಮಾರ್ಚ್ ೨೦೨೫

ಕೋಟಿಂಗ್ ವಿಭಾಗದ ಇನ್‌ಚಾರ್ಜ್ ಕುಮಾರಿ ಉಮೆಸಲ್ಮಾ ಅವರಿಗೆ

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಮಾವನವರು ಅದನ್ನು ನಾಲ್ಕು ಗಿರಾಕಿಗಳ ಮುಂದೆ ಗಟ್ಟಿಯಾಗಿ ಓದಿ, "ಕುಸುಬಿ ಎಣ್ಣಿ" ಎಂಬಲ್ಲಿ ಎರಡು ಸಲ ನಿಂತು, ನಂತರ ನನ್ನ ಕೈಗೆ ಕೊಟ್ಟರು. ಮುಂದೆ ಬರೆಯುವುದಿದ್ದರೆ ಲಕೋಟೆಯನ್ನು ಚೆನ್ನಾಗಿ ಅಂಟಿಸಬೇಕಾಗಿ ವಿನಂತಿ.

ಎಣ್ಣೆ ಕೈಯವಳಿಗೆ ತಮ್ಮ ಲೈನಿನ ಬಗ್ಗೆ ಮಾತಾಡುವ ಯೋಗ್ಯತೆ ಇಲ್ಲ. ಆದರೂ ಬೋರ್ಡಿನ ಮೇಲೆ ನನಗೆ ಸಿಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸ್ಪ್ರೇ ಗನ್ನಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು ಬರೀ ಗಾಳಿ ಬಿಡಿ. ಕಲೆ ಬಿದ್ದರೆ ಕಂಪ್ರೆಸರ್ ಎಣ್ಣೆ ಉಗುಳುತ್ತಿದೆ ಎಂದರ್ಥ. ಕೋಟಿಂಗ್ ಕೋಣೆಯಲ್ಲಿ ನೀರಿನ ಕೂಲರ್ ಇಟ್ಟಿದ್ದರೆ ತೆಗೆಯಿರಿ, ತೇವಕ್ಕೆ ವಾರ್ನಿಶ್ ಹಾಲಿನಂತೆ ಬೆಳ್ಳಗಾಗುತ್ತದೆ. ಇವೆರಡಕ್ಕಿಂತ ಮೊದಲು ಕಣ್ಣು ಎಲ್ಲಿ ಬೀಳುತ್ತಿದೆ ಎಂದು ನೋಡಿ. ಚೆದುರಿ ಬಿದ್ದಿದ್ದರೆ ಗಾಳಿಯ ದೋಷ. ಒಂದೇ ಜಾಗಕ್ಕೆ ಬೀಳುತ್ತಿದ್ದರೆ ಆ ಜಾಗವನ್ನು ಯಾವುದೋ ಮುಟ್ಟಿದೆ. ಏಳು ತಿಂಗಳ ಹಿಂದೆ ಇಷ್ಟನ್ನು ಯಾರಾದರೂ ನೋಡಿದ್ದರೆ ನಾನು ಟ್ರಂಕ್ ಹೊತ್ತು ಬಸ್ ಹತ್ತುತ್ತಿರಲಿಲ್ಲ.

ಇತಿ
ಎಣ್ಣೆ ಕೈಯ ಮಲ್ಲೇಶ್ವರಿ

ಸೂಚನೆ: ನನ್ನ ರೊಟ್ಟಿ ಹಂಚು ನಾವಿಬ್ಬರೂ ಇದ್ದ ಆ ಬಾಡಿಗೆ ಕೋಣೆಯಲ್ಲಿಯೇ ಉಳಿದಿದೆ. ದಯವಿಟ್ಟು ಅದಕ್ಕೆ ಸೋಪು ಹಚ್ಚಬಾರದು.


ಯಾದಗಿರಿ
೧೭ ಮಾರ್ಚ್ ೨೦೨೫

ಮಾನ್ಯ ಮಲ್ಲೇಶ್ವರಿ ಮೇಡಮ್ಮನವರಿಗೆ,

ನಿನ್ನ "ಮಾನ್ಯರೇ"ಗೆ ಒಂದು ಗಂಟೆ ನಕ್ಕೆ, ಅರ್ಧ ಗಂಟೆ ಅತ್ತೆ. ಬಾಡಿಗೆ ಮನೆಯ ಒಡತಿ ಭಾಗಮ್ಮ ಬಂದು, "ಏನಾಗೇದ ಬೇ ನಿಂಗ? ನಗಾಕತ್ತಿಯೋ ಅಳಾಕತ್ತಿಯೋ?" ಎಂದು ಕೇಳಿದಳು. ಮಲ್ಲಿ ಬರೆದಿದ್ದಾಳೆ ಎಂದೆ. "ಹಂಗಾರ ಎರಡೂ ಮಾಡು" ಎಂದು ಹೋದಳು.

ಹಂಚಿಗೆ ಸೋಪು ಹಚ್ಚಿ ಆಗಿಹೋಗಿದೆ. ಕ್ಷಮಿಸು. ಅದಕ್ಕೇ ಇರಬೇಕು, ನನ್ನ ರೊಟ್ಟಿ ಹಂಚಿಗೆ ಕಚ್ಚಿ ಕೂರುತ್ತವೆ. ಬಡಿಯುವಾಗಲಾದರೂ ನೀನು ಕಲಿಸಿದ ಹಾಗೆ ಮಾಡುತ್ತೇನೆ. "ಕೆಳಗ ಹಿಟ್ಟು ಉದುರಸು ಹುಚ್ಚಿ, ಹಿಟ್ಟು ಇಲ್ಲದ ರೊಟ್ಟಿ ಏಳೂದಿಲ್ಲ" ಎಂದು ತಲೆಗೆ ಮೊಟಕುತ್ತಿದ್ದೆಯಲ್ಲ, ಆ ಪಾಠ ಮರೆತಿಲ್ಲ.

ಬಿಳಿ ಬಟ್ಟೆ ಹಿಡಿದೆವು, ಕಲೆ ಬೀಳಲಿಲ್ಲ. ಕೂಲರ್ ಎರಡು ದಿನ ತೆಗೆಸಿದೆ. ಕೋಣೆ ಒಲೆಯಾಯಿತು, ಮನ್ಸೂರಅಲಿ ಸಾಹೇಬರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ, "ಇದು ಯಾವ ಇಂಜಿನಿಯರ್ ಸಲಹಾ?" ಎಂದರು. ಶಹಾಪುರದ ಇಂಜಿನಿಯರ್ ಎಂದೆ. ಕಣ್ಣು ಮಾತ್ರ ಕಡಿಮೆಯಾಗಲಿಲ್ಲ.

ನಿನ್ನ ಕೊನೆಯ ಮಾತೇ ಸರಿ. ನಲವತ್ತು ಬೋರ್ಡ್ ನೀಲಿ ದೀಪದಲ್ಲಿಟ್ಟು ಒಂದೊಂದು ಕಣ್ಣನ್ನೂ ಹಾಳೆಯ ಮೇಲೆ ಗುರುತು ಹಾಕಿದೆ. ಎಲ್ಲವೂ ಕನೆಕ್ಟರುಗಳ ಸುತ್ತ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಉಳಿದ ಬೋರ್ಡು ಕನ್ನಡಿಯಂತಿದೆ. ಪಂಪಿನ ಕಂಪನಿಯವರು ಒಂದು ಪೆಟ್ಟಿಗೆ ವಾಪಸ್ಸು ಕಳಿಸಿದ್ದಾರೆ. ಏಪ್ರಿಲ್ ಮಾಲಿನಲ್ಲೂ ಹೀಗೇ ಆದರೆ ಕೋಟಿಂಗ್ ಕೆಲಸವೇ ಹೈದರಾಬಾದಿಗೆ ಹೋಗುತ್ತದಂತೆ. ಮುಂದೇನು ಮಾಡಲಿ?

ಉಮಿ


ಶಹಾಪುರ
೨೪ ಮಾರ್ಚ್ ೨೦೨೫

ಉಮೆಸಲ್ಮಾ,

ಸುಟ್ಟ ಮೋಟರ್ ಬಂದಾಗ ಮಾವ ಹೇಳುವುದು ಒಂದೇ ಮಾತು: "ಒಂದ್ ಸಲಕ್ಕ ಒಂದ ಬದ್ಲಿ ಮಾಡು. ಎರಡು ಮಾಡಿದಿ ಅಂದ್ರ ಯಾವುದರಿಂದ ನೆಟ್ಟಗಾತು ಅಂತ ದೇವರಿಗೂ ತಿಳೂದಿಲ್ಲ." ನೀನೂ ಹಾಗೆಯೇ ಮಾಡು. ಹತ್ತು ಬೋರ್ಡಿಗೆ ಟೋಪಿಯೇ ಹಾಕದೆ ಹೊಡೆ, ಆ ಹತ್ತು ಹಾಳಾದರೆ ಆಗಲಿ. ಹತ್ತಕ್ಕೆ ಟೋಪಿ ಬದಲು ಟೇಪು ಅಂಟಿಸು. ಆಮೇಲೆ ಆರು ಜನರ ಆರು ತಟ್ಟೆಯ ಟೋಪಿಗಳನ್ನು ಬೇರೆ ಬೇರೆ ಹತ್ತತ್ತು ಬೋರ್ಡಿಗೆ ಹಾಕಿಸು. ಎಲ್ಲರೂ ಕೈಗವಸು ತೊಡಲಿ, ಗನ್ನು ಒಬ್ಬರೇ ಹಿಡಿಯಲಿ. ಯಾವ ಗುಂಪಿಗೆ ಕಣ್ಣು ಬಿತ್ತು ಎಂದು ಬರೆ.

ಇದನ್ನು ನಿನಗಾಗಿ ಮಾಡುತ್ತಿಲ್ಲ. ನವೆಂಬರಿನಲ್ಲಿ ಇಲ್ಲಿಯ ಸೋಲಾರ್ ದೀಪದ ಕಾರ್ಖಾನೆಯಲ್ಲಿ ಕೆಲಸ ಕೇಳಿದ್ದೆ. ನನ್ನ ಕೈ ನೋಡಿ ಒಪ್ಪಿಯೂ ಆಗಿತ್ತು. ಸಂಜೆ ಅವರು ನಿಮ್ಮ ಕಾರ್ಖಾನೆಗೆ ಫೋನ್ ಮಾಡಿ ಕೇಳಿದರು. ಮರುದಿನ ಗೇಟಿನಲ್ಲೇ ನನ್ನನ್ನು ತಿರುಗಿ ಕಳಿಸಿದರು. ನನ್ನ ಕೈ ಹೊಲಸಲ್ಲ ಎಂದು ನನಗೆ ಗೊತ್ತು, ಊರಿಗೂ ಗೊತ್ತಾಗಬೇಕು.

ಇನ್ನೊಂದು ಮಾತು. ನೀನು ಸಹಿ ಹಾಕಿದ್ದಕ್ಕೆ ನನಗೆ ಅಷ್ಟು ನೋವಾಗಿಲ್ಲ. ಸಾಹೇಬರು ಎದುರಿಗೆ ನಿಂತರೆ ಯಾರಾದರೂ ಹಾಕುತ್ತಾರೆ. ಹಾಕುವಾಗ ನೀನು ನನ್ನ ಮುಖ ನೋಡಲಿಲ್ಲ. ಅದಕ್ಕೆ ನಂಬರ್ ಬಂದ್ ಮಾಡಿದ್ದು.

ಸೋಪು ಹಚ್ಚಿದ ಹಂಚನ್ನು ಒಲೆಯ ಮೇಲಿಟ್ಟು ಕೆಂಪಗೆ ಕಾಯಿಸಿ ಎಣ್ಣೆ ಬಟ್ಟೆಯಿಂದ ಒರೆಸು. ಮೂರು ದಿನ ಹೀಗೆ ಮಾಡು. ಅದು ನನ್ನ ಅವ್ವ ಮರಿಲಿಂಗಮ್ಮನದು, ನೆನಪಿರಲಿ.

ಮಲ್ಲೇಶ್ವರಿ


ಯಾದಗಿರಿ
೩ ಏಪ್ರಿಲ್ ೨೦೨೫

ಮಲ್ಲಿ,

ಈ ವರ್ಷ ನಿಮ್ಮ ಯುಗಾದಿ ಮುಗಿದ ಮರುದಿನವೇ ನಮ್ಮ ರಮಜಾನ್ ಬಂತು. ಸುರಪುರಕ್ಕೆ ಹೋಗಿದ್ದೆ. ಅಮ್ಮಿ ಮದೀನಾಬೀ ಹಾಲು ಶಾವಿಗೆಯ ಸುರಕುಂಬಾ ಮಾಡಿ, ರೂಢಿಯಂತೆ ನಿನ್ನ ಬಟ್ಟಲನ್ನೂ ತುಂಬಿಸಿಟ್ಟು, ಆಮೇಲೆ ನೆನಪಾಗಿ ನನ್ನ ಮುಖ ನೋಡಿದರು. ಎರಡೂ ನಾನೇ ಕುಡಿದೆ. ನಿನ್ನ ಪಾಲಿನಲ್ಲಿ ಗೋಡಂಬಿ ಜಾಸ್ತಿ ಇತ್ತು, ಯಾವಾಗಲೂ ಹಾಗೆಯೇ.

ಮುಖ ನೋಡದ ಮಾತು ಓದಿದೆ. ಹೌದು. ನೋಡಿದ್ದರೆ ಸಹಿ ಹಾಕಲು ಆಗುತ್ತಿರಲಿಲ್ಲ, ಅದಕ್ಕೇ ನೋಡಲಿಲ್ಲ. ಬೇರೆ ಸಮಜಾಯಿಷಿ ನನ್ನ ಹತ್ತಿರ ಇಲ್ಲ.

ಪರೀಕ್ಷೆ ನಿನ್ನೆ ಮುಗಿಯಿತು. ನೀನು ಹೇಳಿದ ಹಾಗೆ ಒಂದನ್ನೂ ಬಿಡದೆ ಮಾಡಿದೆವು. ಟೋಪಿ ಇಲ್ಲದ ಹತ್ತಕ್ಕೆ ಕಣ್ಣಿಲ್ಲ. ಟೇಪಿನ ಹತ್ತಕ್ಕೂ ಇಲ್ಲ. ಐದು ಜನರ ತಟ್ಟೆಗಳೂ ಸ್ವಚ್ಛ. ಗೊಲ್ಲಾಳಮ್ಮನ ತಟ್ಟೆಯ ಹತ್ತು ಬೋರ್ಡಿಗೆ ಮಾತ್ರ ಕಣ್ಣೋ ಕಣ್ಣು! ಮನ್ಸೂರಅಲಿ ಸಾಹೇಬರು ತಕ್ಷಣ ಬಗ್ಗಿ ಅವಳ ತಲೆ ಮೂಸಿದರು. ಎಣ್ಣೆಯೇ ಇರಲಿಲ್ಲ, ಹುಡುಗಿ ಅಂದು ಶಾಂಪೂ ಹಾಕಿ ಬಂದಿದ್ದಳು. ಸಾಹೇಬರಿಗೆ ನಿರಾಸೆಯಾಯಿತು. ಆದರೂ, "ಮೊದಲ ಮಲ್ಲೇಶ್ವರಿ, ಈಗ ಇಕಿ. ಆ ಸ್ಟೂಲಿಗೇ ಏನರ ಶನಿ ಅದ ಏನು?" ಎಂದು ಸ್ಟೂಲನ್ನು ತಿರುಗಿಸಿ ಮುರುಗಿಸಿ ನೋಡಿದರು.

ಗೊಲ್ಲಾಳಮ್ಮ ಊಟ ಬಿಟ್ಟು ಅಳುತ್ತಿದ್ದಾಳೆ. ಕೈಗವಸು ಹಾಕಿದ್ದಳು, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅವಳ ಕೈ ತಪ್ಪಲ್ಲ. ಹಾಗಾದರೆ ಏನು?

ಉಮಿ


ಶಹಾಪುರ
೯ ಏಪ್ರಿಲ್ ೨೦೨೫

ಏ ಉಮಿ!

ಸಿಕ್ಕಿತು! ಅರ್ಧ ಸಿಕ್ಕಿತು! ಕಾಗದ ಓದಿ ಅಂಗಡಿಯಲ್ಲಿ ಎಷ್ಟು ಜೋರಾಗಿ ಕೂಗಿದೆನೆಂದರೆ ಕೊಂಕಲ್ಲಿನಿಂದ ಪಂಪ್ ತಂದಿದ್ದ ರಾಮಣ್ಣ ಕಾಕಾ ಚಹಾ ಚೆಲ್ಲಿಕೊಂಡರು.

ಕೈ ಅಲ್ಲ, ಗಾಳಿ ಅಲ್ಲ, ವಾರ್ನಿಶ್ ಅಲ್ಲ. ಟೋಪಿ! ಅದೂ ಒಂದೇ ತಟ್ಟೆಯ ಟೋಪಿ. ಎಲ್ಲ ಟೋಪಿ ಒಂದೇ ಪೆಟ್ಟಿಗೆಯಿಂದ ಬರುತ್ತವೆ ಅಲ್ಲವಾ? ಹಾಗಾದರೆ ಆ ತಟ್ಟೆಗೆ ಹೋದ ಮೇಲೆ ಯಾರೋ ಅದಕ್ಕೆ ಏನೋ ಹಚ್ಚುತ್ತಿದ್ದಾರೆ. ನನ್ನ ತಟ್ಟೆಗೂ ಹಚ್ಚುತ್ತಿದ್ದರು, ಈಗ ಅವಳ ತಟ್ಟೆಗೆ ಹಚ್ಚುತ್ತಿದ್ದಾರೆ. ಬೆಳಿಗ್ಗೆ ಹುಡುಗಿಗಿಂತ ಮೊದಲು ಆ ತಟ್ಟೆ ಮುಟ್ಟುವವರು ಯಾರು ನೋಡು. ಟೋಪಿಯ ಒಳಗೆ ಬೆರಳಾಡಿಸಿ ನೋಡು, ಮೂಸಿ ನೋಡು. ಮೂಸುವುದಕ್ಕೆ ಸಾಹೇಬರನ್ನೇ ಕರಿ, ಅವರ ಮೂಗಿಗೂ ಒಂದು ಕೆಲಸ ಬೇಕಲ್ಲ.

ಇಬ್ಬರು ಹುಡುಗಿಯರ ಅನ್ನ ಕೆಡಿಸಿದ ಆ ಕೈ ಯಾರದೋ ಇರಲಿ, ಮುರಿದು ಬೀಳಲಿ! ಹೆಸರು ಗೊತ್ತಾದ ದಿನವೇ ಬರೆ. ಬಸ್ ಹತ್ತಿ ಬಂದು ಗೇಟಿನಲ್ಲಿ ನಿಂತು ಬೈಯದಿದ್ದರೆ ನಾನು ಮರಿಲಿಂಗಮ್ಮನ ಮಗಳಲ್ಲ.

ಹಂಚು ಹದಕ್ಕೆ ಬಂತಾ?

ಮಲ್ಲಿ


ಯಾದಗಿರಿ
೨೫ ಏಪ್ರಿಲ್ ೨೦೨೫

ಮಲ್ಲಿ,

ಹೆಸರು ಗೊತ್ತಾದ ದಿನವೇ ಬರೆಯಲು ಹೇಳಿದ್ದೆ. ಹನ್ನೆರಡು ದಿನ ತಡವಾಯಿತು. ಆ ಕೈ ನನ್ನದು.

ನಿನ್ನ ಕಾಗದವನ್ನು ಲೈನಿನಲ್ಲೇ ನಿಂತು ಓದಿದೆ. "ಹುಡುಗಿಗಿಂತ ಮೊದಲು ಆ ತಟ್ಟೆ ಮುಟ್ಟುವವರು ಯಾರು" ಎಂಬಲ್ಲಿಗೆ ಬಂದಾಗ ಕಾಗದ ಮಡಚಿ ಆ ತಟ್ಟೆಯ ಮುಂದೆ ಹೋಗಿ ನಿಂತೆ. ಬೇರೆ ಯಾರನ್ನೂ ಹುಡುಕಬೇಕಾಗಿರಲಿಲ್ಲ.

ಹೋದ ವರ್ಷ ಟೋಪಿ ಎಳೆದು ನಿನ್ನ ಬೆರಳುಗಳು ಸುಲಿದು, ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿಯ ಉಪ್ಪು ತಾಗಿದರೆ ಹಲ್ಲು ಕಚ್ಚುತ್ತಿದ್ದೆ. ನನಗೆ ನೋಡಲು ಆಗಲಿಲ್ಲ. ಹಿಟ್ಟು ಉದುರಿಸಿದರೆ ರೊಟ್ಟಿ ಏಳುತ್ತದೆ ಎಂದು ನೀನೇ ಕಲಿಸಿದ್ದೆ. ಟೋಪಿಯೂ ಹಾಗೆಯೇ ಏಳಬಹುದು ಎಂದುಕೊಂಡೆ. ದಿನಾ ಹತ್ತು ನಿಮಿಷ ಮೊದಲೇ ಹೋಗಿ ನಿನ್ನ ತಟ್ಟೆಯ ಟೋಪಿಗಳಿಗೆ ನನ್ನ ಮುಖದ ಪೌಡರ್ ಉದುರಿಸಿ, ಅಲುಗಾಡಿಸಿ, ಊದಿ ಇಡುತ್ತಿದ್ದೆ. ಟೋಪಿ ಸಲೀಸಾಗಿ ಬರತೊಡಗಿತು. ನೀನು, "ಈಗೀಗ ನನ್ನ ಕೈ ಪಳಗ್ಯಾವ ನೋಡು" ಎಂದು ಜಂಬ ಪಡುತ್ತಿದ್ದೆ. ನಾನು ಒಳಗೊಳಗೇ ನಗುತ್ತಿದ್ದೆ. ಹೇಳಿದ್ದರೆ, "ನಂಗೇನ್ ಬೆರಳಿಲ್ಲೇನು?" ಎಂದು ನೀನು ಜಗಳಕ್ಕೆ ಬರುತ್ತಿದ್ದೆ ಎಂದು ಹೇಳಲಿಲ್ಲ.

ನೀನು ಹೋದ ಮೇಲೆ ಯಾರಿಗೆ ಉದುರಿಸಲಿ? ಬಿಟ್ಟೆ. ಕಣ್ಣೂ ನಿಂತವು. ಗೊಲ್ಲಾಳಮ್ಮನ ಬೆರಳು ನೋಡಿ ಮತ್ತೆ ಉದುರಿಸಿದೆ, ಕಣ್ಣು ಮತ್ತೆ ಬಂದವು. ಎಣ್ಣೆ ಕೆಟ್ಟದ್ದು ಎಂದು ಎಲ್ಲರಿಗೂ ಗೊತ್ತು. ಒಣ ಪೌಡರ್ ಏನು ಮಾಡುತ್ತದೆ ಎಂಬ ಅನುಮಾನ ನನಗೆ ಒಂದು ದಿನವೂ ಬರಲಿಲ್ಲ, ಅಲ್ಲಾನ ಆಣೆ. ಟೋಪಿಯಿಂದ ಬೋರ್ಡಿಗೆ ಜಾರಿದ ಚಿಟಿಕೆ ಪೌಡರಿನ ಮೇಲೆ ವಾರ್ನಿಶ್ ನಿಲ್ಲಲಿಲ್ಲ, ಅಷ್ಟೇ ಕಥೆ. ಖಾತ್ರಿಗೆಂದು ಹತ್ತು ಬೋರ್ಡಿಗೆ ಪೌಡರಿನ ಟೋಪಿ, ಹತ್ತಕ್ಕೆ ಸ್ಪಿರಿಟ್ಟಿನಲ್ಲಿ ತೊಳೆದ ಟೋಪಿ ಹಾಕಿ ನೋಡಿದೆ. ನೀನು ಬರೆದ ಹಾಗೆಯೇ ಒಂದು ಸಲಕ್ಕೆ ಒಂದೇ ಬದಲಾವಣೆ. ತೊಳೆದದ್ದಕ್ಕೆ ಒಂದೂ ಕಣ್ಣಿಲ್ಲ.

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಟೋಪಿಗಳನ್ನು ಗುಟ್ಟಾಗಿ ತೊಳೆದಿಟ್ಟರೆ ಮಾಲು ನೆಟ್ಟಗಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ, ಇನ್‌ಚಾರ್ಜ್ ಬಿಲ್ಲೆಯೂ ಉಳಿಯುತ್ತದೆ ಎಂದುಕೊಂಡೆ. ಆದರೆ ನಿನ್ನ ಹೆಸರು? ನಿನ್ನೆ ಪೌಡರ್ ಡಬ್ಬಿ ಹಿಡಿದುಕೊಂಡು ಸಾಹೇಬರ ಮೇಜಿನ ಮುಂದೆ ನಿಂತೆ. ಅವರು ಡಬ್ಬಿ ಮೂಸಿದರು. "ಅರೆ! ಇದು ಜಾಜಿ ಹೂವಿನ ವಾಸನಿ. ನೀವೆಲ್ಲಾ ಹೂವ ಮುಡಕೊಂಡು ಬರ್ತೀರಂತ ತಿಳಕೊಂಡಿದ್ದೆ ನಾನು" ಎಂದು ಕುರ್ಚಿಯಲ್ಲಿ ಕುಸಿದರು.

ನಿನ್ನ ಬೆರಳು ಉಳಿಸಲು ಹೋಗಿ ನಿನ್ನ ಕೆಲಸ ಕಳೆದೆ, ಮೇಲೆ ಸಹಿ ಬೇರೆ ಹಾಕಿದೆ. ಬಸ್ ಹತ್ತಿ ಬಂದು ಬೈ ಮಲ್ಲಿ. ಗೇಟಿನ ಹೊರಗೆ ನಿಂತಿರುತ್ತೇನೆ.

ಉಮೆಸಲ್ಮಾ


ಯಾದಗಿರಿ
೧೪ ಮೇ ೨೦೨೫

ಮಲ್ಲಿ,

ನಿನ್ನಿಂದ ಉತ್ತರವಿಲ್ಲ. ಕೇಳುವ ಹಕ್ಕೂ ನನಗಿಲ್ಲ. ಆದದ್ದನ್ನು ತಿಳಿಸುತ್ತೇನೆ.

ಸೋಮವಾರ ಚಹಾದ ಹೊತ್ತಿಗೆ, ನಿನ್ನ ಮೇಲಿನ ಕಾಗದವನ್ನು ಓದಿದ್ದ ಜಾಗದಲ್ಲೇ, ಎಲ್ಲರ ಮುಂದೆ ನಾನೇ ಹೊಸ ಕಾಗದ ಓದಿದೆ. "ಮಲ್ಲೇಶ್ವರಿಯ ಕೈ ಸ್ವಚ್ಛವಿತ್ತು. ತಪ್ಪು ಉಮೆಸಲ್ಮಾಳದು. ದೋಷವನ್ನು ಹಿಡಿದುಕೊಟ್ಟವಳೂ ಮಲ್ಲೇಶ್ವರಿಯೇ." ಈ ಸಲ ತಲೆ ತಗ್ಗಿಸಲಿಲ್ಲ, ನಿನ್ನ ಸ್ಟೂಲು ನೋಡುತ್ತ ಓದಿದೆ. ಸಾಹೇಬರೂ ಸಹಿ ಹಾಕಿದ್ದಾರೆ, ಅದರ ಒಂದು ಪ್ರತಿ ಇದರೊಳಗಿದೆ. ಸೋಲಾರ್ ದೀಪದವರಿಗೆ ಫೋನ್ ಮಾಡಿ, "ಆ ಹುಡುಗಿ ಬಂಗಾರದಂಥಾಕಿ, ತಪ್ಪು ನಮ್ಮದರೀ" ಎಂದು ನನ್ನೆದುರಿಗೇ ಹೇಳಿದರು.

ಏಪ್ರಿಲ್ ಮಾಲು ಪಾಸಾಯಿತು, ಕೋಟಿಂಗ್ ಇಲ್ಲೇ ಉಳಿಯಿತು. ನನ್ನ ಬಿಲ್ಲೆ ಹೋಯಿತು. ಈಗ ನಿನ್ನ ಸ್ಟೂಲಿನ ಪಕ್ಕದಲ್ಲಿ ಕೂತು ನಾನೂ ಟೋಪಿ ಎಳೆಯುತ್ತೇನೆ, ಪೌಡರ್ ಇಲ್ಲದೆ. ಮೂರನೇ ದಿನಕ್ಕೇ ಬೆರಳು ಸುಲಿದವು. ನೀನು ಎಷ್ಟು ತಡೆದುಕೊಂಡಿದ್ದೆ ಎಂದು ಈಗ ತಿಳಿಯಿತು.

ಹಂಚು ಹದಕ್ಕೆ ಬಂದಿದೆ.

ಉಮಿ


ಶಹಾಪುರ
೨ ಜೂನ್ ೨೦೨೫

ಉಮಿ,

ಮೊದಲ ವಾರ ಸಿಟ್ಟು ಬಂತು. ನಿನ್ನ ಕಾಗದವನ್ನು ನಾಲ್ಕು ತುಂಡು ಮಾಡಿದೆ. ಎರಡನೇ ವಾರ ಮಾವನ ಅಂಟಿನ ಟೇಪು ತಂದು ಜೋಡಿಸಿ ಮತ್ತೆ ಓದಿದೆ. "ಈಗೀಗ ನನ್ನ ಕೈ ಪಳಗ್ಯಾವ" ಎಂದು ನಾನು ಜಂಬ ಕೊಚ್ಚಿದ್ದು ನೆನಪಾಗಿ, ತಂತಿ ಸುತ್ತುವುದನ್ನು ಬಿಟ್ಟು ನಗಲು ಕೂತೆ. ಮಾವ, "ಯಾಕವಾ, ಶಾಕ್ ಹೊಡೀತೇನು?" ಎಂದು ಓಡಿ ಬಂದರು. ಹೌದು ಎಂದೆ.

ಏಳೆಂಟು ತಿಂಗಳು ನಾನು ಒಂದೇ ಯೋಚನೆ ಮಾಡುತ್ತಿದ್ದೆ. ಒಂದೇ ಹಂಚಿನ ರೊಟ್ಟಿ ತಿಂದವಳು ನನ್ನನ್ನು ಅಷ್ಟು ಸುಲಭವಾಗಿ ಹೇಗೆ ಬಿಟ್ಟುಕೊಟ್ಟಳು ಎಂದು. ನಾನು ಅಲ್ಲಿದ್ದಷ್ಟು ದಿನ ನೀನು ಹತ್ತು ನಿಮಿಷ ಮೊದಲೇ ಎದ್ದು ಹೋಗಿ ನನ್ನ ಬೆರಳಿಗಾಗಿ ಪೌಡರ್ ಊದುತ್ತಿದ್ದೆಯಂತೆ. ನಿನ್ನಂಥ ಮಳ್ಳಿ ಇನ್ನೊಬ್ಬಳು ಹುಟ್ಟಿಲ್ಲ. ಸಹಿಯ ನೋವು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಮುರಿಯಲಿ ಎಂದ ಶಾಪವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಹಣಮಪ್ಪನಿಗೆ ಕಾಯಿ ಒಡೆಸಿ ಹೇಳಿ ಬಂದೆ, ಅರ್ಜಿ ತಪ್ಪಾಗಿ ಬರೆದಿದ್ದೆ ಎಂದು.

ಸೋಲಾರಿನವರು ಮನೆಯವರೆಗೆ ಬಂದು ಕರೆದರು. ಬರುವುದಿಲ್ಲ ಎಂದೆ. ಯಾಕೆಂದರೆ ಹೋದ ವಾರ ಮಾವ ಅಂಗಡಿಯ ಫಲಕ ಬದಲಿಸಿದ್ದಾರೆ: "ಅಂಬ್ರಪ್ಪ ಮತ್ತು ಮಲ್ಲೇಶ್ವರಿ, ಮೋಟರ್ ರಿಪೇರಿ." ನೀನು ಕಳಿಸಿದ ಪ್ರತಿಯನ್ನು ಕಟ್ಟು ಹಾಕಿಸಿ ಅದರ ಕೆಳಗೇ ತೂಗುಹಾಕಿದ್ದಾರೆ. ಬಂದ ಗಿರಾಕಿಗಳೆಲ್ಲ ಮೊದಲು ಅದನ್ನು ಓದಿ ಆಮೇಲೆ ಮೋಟರ್ ಇಳಿಸಬೇಕು. ರಾಮಣ್ಣ ಕಾಕಾ ಎರಡು ಸಲ ಓದಿದ್ದಾರೆ.

ಜೊತೆಗೆ ಒಂದು ಪೊಟ್ಟಣ ಕಳಿಸಿದ್ದೇನೆ. ಅದರಲ್ಲಿ ಬಿದಿರಿನ ಆರು ಚಕ್ಕೆಗಳಿವೆ. ಮೋಟರಿನ ತಂತಿ ಹೊರಗೆ ಬರದಂತೆ ನಾವು ಇವನ್ನೇ ತಂತಿ ಕೂರುವ ಸೀಳುಗಳಿಗೆ ಬಡಿಯುತ್ತೇವೆ. ತುದಿಯನ್ನು ತೆಳ್ಳಗೆ ಉಜ್ಜಿ ಸ್ಪಿರಿಟ್ಟಿನಲ್ಲಿ ತೊಳೆದಿದ್ದೇನೆ. ವಾರ್ನಿಶ್ ಪೂರ್ತಿ ಗಟ್ಟಿಯಾಗುವ ಮೊದಲೇ ಟೋಪಿಯ ಅಂಚಿಗೆ ಚಕ್ಕೆ ತೂರಿಸಿ ಮೀಟಿದರೆ ಟೋಪಿ ತಾನಾಗಿ ಏಳುತ್ತದೆ, ಬೆರಳೂ ಸುಲಿಯುವುದಿಲ್ಲ. ಮೊದಲು ಗೊಲ್ಲಾಳಮ್ಮನಿಗೆ ಕೊಡು.

ಪುಸ್ತಕದ ಕನ್ನಡ ಸಾಕಾತು ನಂಗ. ಕೇಳಿಲ್ಲಿ. ಬಂದ್ ಮಾಡಿದ್ದ ನಿನ್ನ ನಂಬರ್ ಚಾಲೂ ಮಾಡೀನಿ, ಆದ್ರ ಫೋನ್ ಮಾಡಬ್ಯಾಡ, ಮಾಡಿದ್ರ ಅಳ್ತೀನಿ. ಬರೋ ಐತವಾರ ಮುಂಜಾನಿ ಬಸ್ಸಿಗೆ ಬರಾಕತ್ತೀನಿ. ಗೇಟಿನಾಗ ನಿಂತು ಬೈಯೂದು ಬಾಕಿ ಅದ, ಅದನ್ನ ಮನ್ಯಾಗ ಕುಂತು ಬೈತೀನಿ. ಒಲಿ ಹಚ್ಚಿ ಹಂಚು ಇಟ್ಟಿರು, ಜ್ವಾಳದ ಹಿಟ್ಟು ತಂದಿರು. ಆ ಪೌಡರ್ ಡಬ್ಬಿ ಮಾತ್ರ ಭಾಗಮ್ಮನ ಮನ್ಯಾಗ ಕೊಟ್ಟು ಬಾ. ರೊಟ್ಟಿ ಬಡಿಯೂ ಮುಂದ ಯಾವುದು ಉದುರಸ್ತಿಯೋ ನಿಂದು ಭರೋಸಾ ಇಲ್ಲ.

ನಿನ್ನ
ಮಲ್ಲಿ